ಉಣ್ಣುವವಳು ಯಾರಾಗುವುದು

ಕಲ್ಪನೆ ಎಂಬ ಮಾತು ಕೇಳಿದರೆ ಸಾಕು, ದಮಯಂತಿಗೆ ಈಚೆಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಯದಲ್ಲಿ ಪುತ್ತೂರಿನ ಬಸ್ಸು ಹತ್ತಿ ಕೂತು ಇನ್ನೂ ಜಾಲ್ಸೂರು ದಾಟಿರಲಿಲ್ಲ, ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಅವಳ ಗುರುತು ಹಿಡಿದು, ನಿಮ್ಮ ‘ಉಣ್ಣುವವಳು’ ಓದಿದೆ ಮೇಡಂ, ಅಂಥದ್ದೆಲ್ಲ ನಿಮಗೆ ಹೇಗೆ ಹೊಳೆಯುತ್ತದೆ, ಎಂತ ಕಲ್ಪನೆ ಎಂದು ಕಣ್ಣರಳಿಸಿದ್ದಳು. ದಮಯಂತಿ ನಕ್ಕು ಥ್ಯಾಂಕ್ಸ್ ಅಂದಳು. ಅಂದ ಮೇಲೆ, ಯಾಕೆ ನಕ್ಕೆ, ಯಾವ ಸುಖಕ್ಕೆ ಥ್ಯಾಂಕ್ಸ್ ಅಂದೆ ಎಂದು ತನ್ನನ್ನೇ ಬೈದುಕೊಂಡು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಹೊರಗೆ ರಬ್ಬರ್ ಮರಗಳು, ಪ್ರತಿಯೊಂದರ ಸೊಂಟಕ್ಕೂ ಹಾಲು ಹಿಡಿಯಲು ಕಟ್ಟಿದ ಒಂದೊಂದು ಚಿಪ್ಪು. ಪತ್ರಿಕೆಯಲ್ಲಿ ವಿಮರ್ಶೆ ಬರೆದ ಮಹಾಶಯನೂ ಅದನ್ನೇ ಬರೆದಿದ್ದ: ಹದಿಹರೆಯದವರಿಗಾಗಿ ಬಂದ ಈ ಕಾದಂಬರಿಯಲ್ಲಿ ಹಿಟ್ಲರನ ಜರ್ಮನಿಯ ನೆರಳಿದೆ, ಲೇಖಕಿಯ ಕಲ್ಪನಾಶಕ್ತಿ ದಂಗುಬಡಿಸುತ್ತದೆ. ಜರ್ಮನಿಯಂತೆ! ಐವರ್ನಾಡಿನಲ್ಲಿ ಹುಟ್ಟಿ, ಸುಳ್ಯದ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡು ಇರುವ ತಾನು ಬರೆದದ್ದರ ಬೇರು ಹುಡುಕುತ್ತ ಇವರು ಕಡಲು ದಾಟಿ ಹೋಗುತ್ತಾರೆ. ತಮ್ಮ ಜಗಲಿಯಿಂದ ಕೆಳಗಿಳಿದು ಅಂಗಳ ನೋಡುವುದಿಲ್ಲ. ನೋಡಿದರೆ ಮಧ್ಯಾಹ್ನದ ಊಟ ಸೇರಲಿಕ್ಕಿಲ್ಲ ಎಂಬ ಹೆದರಿಕೆ ಇರಬೇಕು.

ಆದರೆ ಇವರನ್ನು ಬೈದು ಪ್ರಯೋಜನವೇನು, ದಾರಿ ತೋರಿಸಿದವಳು ತಾನೇ ಅಲ್ಲವೇ. ಮೊದಲು ಬರೆದದ್ದು ಐವರ್ನಾಡಿನ ಕಥೆಯನ್ನೇ. ಪ್ರಕಾಶಕರು ಒಳ್ಳೆಯ ಮನುಷ್ಯ, ಕಾಫಿ ತರಿಸಿ ಕೊಟ್ಟು ಮೆತ್ತಗೆ ಬುದ್ಧಿ ಹೇಳಿದರು: ಊರಿನ ಹೆಸರು ಹಾಕಿದರೆ ಯಾವ ಶಾಲೆಯೂ ಕೊಳ್ಳುವುದಿಲ್ಲ, ಕೊಂಡರೆ ಮರುದಿನವೇ ತಂದೆತಾಯಿಗಳು ಬಂದು ಹೆಡ್‌ಮಾಸ್ಟರರ ಎದುರು ಕೂರುತ್ತಾರೆ, ಇದನ್ನೇ ನೂರು ವರ್ಷ ಮುಂದಕ್ಕೆ ತಳ್ಳಿ, ಒಂದು ಗಾಜಿನ ಗೋಡೆ, ನಾಲ್ಕು ಡ್ರೋನು ಹಾಕಿ, ಮಕ್ಕಳು ಮುಗಿಬಿದ್ದು ಓದುತ್ತಾರೆ. ಅವಳು ತಳ್ಳಿದಳು. ಗಾಜಿನ ಗೋಡೆಯ ಒಳಗೆ ಒಳಪೇಟೆ, ಹೊರಗೆ ಹೊರಪೇಟೆ. ಒಳಪೇಟೆಯಲ್ಲಿ ಮಗುವಿಗೆ ಕಾಯಿಲೆಯಾದರೆ ಅದರ ಕೂದಲು, ಉಗುರು ಕತ್ತರಿಸಿ ಅನ್ನದಲ್ಲಿ ಕಲಸುತ್ತಾರೆ. ಹೊರಪೇಟೆಯ ಇರಾ ಎಂಬ ಹುಡುಗಿ ಕ್ಯಾಮರಾದ ಎದುರು ಕೂತು ಅದನ್ನು ಉಣ್ಣಬೇಕು. ಕಾಯಿಲೆ ಅವಳಿಗೆ ದಾಟುತ್ತದೆ, ಮಗು ಬದುಕುತ್ತದೆ. ಕೊನೆಯಲ್ಲಿ ಇರಾ ಪೂರ್ತಿ ಉಂಡು, ಗಾಜಿನಾಚೆ ಮಲಗಿದ ಮಗುವಿನ ಕಡೆ ತಿರುಗಿ ನಕ್ಕು, ‘ನೀನು ಬದುಕು’ ಎನ್ನುತ್ತಾಳೆ. ಆ ಪುಟ ಓದಿ ಪ್ರಕಾಶಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಪುಸ್ತಕ ಎರಡನೆಯ ಮುದ್ರಣಕ್ಕೂ ಹೋಯಿತು.

ಕಾವು ಸ್ಟಾಪ್ ಬಂತು, ಆ ಕಾಲೇಜು ಹುಡುಗಿ ಇಳಿದುಹೋದಳು. ಬಸ್ಸಿನ ಕಂಬಿ ಹಿಡಿದ ಕೈಯನ್ನೇ ನೋಡುತ್ತ ಕೂತ ದಮಯಂತಿಗೆ ಐವರ್ನಾಡಿನ ಮನೆಯ ಕಿಟಕಿಯ ಮರದ ಸರಳುಗಳು ನೆನಪಾದವು. ಆಗ ಅವಳಿಗೆ ಐದು ವರ್ಷ ಇರಬೇಕು. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು, ಸುಳ್ಯದ ಡಾಕ್ಟರರ ಕೆಂಪು ಔಷಧಿ ನಾಲಗೆಗೆ ಹಚ್ಚಿದರೂ ವಾಂತಿ. ಅಜ್ಜಿ ಕತ್ತರಿ ತಂದು ಕಿವಿಯ ಹಿಂದಿನ ಕೂದಲು ಕತ್ತರಿಸಿದರು, ಕಾಲಿನ ಉಗುರು ತೆಗೆದರು, ಕುಚ್ಚಲಕ್ಕಿ ಅನ್ನದಲ್ಲಿ ಕಲಸಿದರು. ಅಂಗಳದ ಕೊನೆಯಲ್ಲಿ, ದನದ ಹಟ್ಟಿಯ ಹತ್ತಿರ, ಬಾಳೆಯೆಲೆಯ ಎದುರು ಗುಡ್ಡದ ಬದಿಯಿಂದ ಕರೆಸಿದ, ಡೋಲು ಬಾರಿಸುವ ಕೊರಗರ ಪೈಕಿಯ ಹೆಂಗಸು ಕೂತಿದ್ದಳು. ಅಜಲು ಎಂದು ಅದಕ್ಕೊಂದು ಹೆಸರೂ ಉಂಟು. ಆಮೇಲೆ ಸರಕಾರ ಕಾಯ್ದೆ ಮಾಡಿ ನಿಷೇಧಿಸಿತು, ಅಂದರೆ ಇತ್ತು ಎಂದು ಸರಕಾರವೇ ಒಪ್ಪಿಕೊಂಡ ಹಾಗಾಯಿತು. ಅಮ್ಮ ದಮಯಂತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಸರಳಿನೆಡೆಯಿಂದ ತೋರಿಸಿದರು, ನೋಡು ನಿನ್ನ ಜ್ವರ ಅಲ್ಲಿ ಹೋಗ್ತಾ ಉಂಟು ಎಂದು, ಕಾಗೆ ತೋರಿಸುವ ಹಾಗೆ. ಅದೇ ದಿನ ಸಂಜೆ ಮಗುವಿಗೆ ಹಸಿವಾಯಿತು. ಹೋದ ವರ್ಷ, ಕಾದಂಬರಿ ಬರೆಯುವಾಗ, ಆ ಹೆಂಗಸಿನ ಹೆಸರೇನು ಎಂದು ದಮಯಂತಿ ಅಮ್ಮನನ್ನು ಕೇಳಿದಳು. ಅಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳಿಗೆಂಥ ಹೆಸರು ಎಂದರು, ಗೂಡೆ ಉಳಿಯಿತಲ್ಲ ಎಂದರು. ಅವರ ಮನೆಮಾತಾದ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಎನ್ನುವುದು. ಉಳಿದ ಗೂಡೆಗೆ ಈಗ ನಲವತ್ತಾರು ವರ್ಷ, ಬಿ.ಪಿ. ಮಾತ್ರೆ ನುಂಗುತ್ತಾಳೆ, ಆ ಹೆಂಗಸು ಎಷ್ಟು ವರ್ಷ ಬದುಕಿದಳು ಎಂಬುದು ಯಾರಿಗೂ ಗೊತ್ತಿಲ್ಲ.

ಪುತ್ತೂರಿನ ಆ ಖಾಸಗಿ ಶಾಲೆಯವರು ವಾರ್ಷಿಕೋತ್ಸವಕ್ಕೆ ‘ಉಣ್ಣುವವಳು’ ನಾಟಕ ಆಡಿಸುವವರಿದ್ದರು. ಅಭ್ಯಾಸ ನೋಡಲು ಬನ್ನಿ ಎಂದು ನಾಟಕದ ಮಾಸ್ಟ್ರು ಸರ್ವೋತ್ತಮ ಮೂರು ಸಲ ಫೋನ್ ಮಾಡಿದ ಮೇಲೆ ಅವಳು ಹೊರಟದ್ದು. ಸಭಾಂಗಣದಲ್ಲಿ ಅಲ್ಯೂಮಿನಿಯಂ ಹಾಳೆಯ ಕಿರೀಟಗಳು, ಪ್ಲಾಸ್ಟಿಕ್ ಪರದೆಯ ಗಾಜಿನ ಗೋಡೆ. ಸರ್ವೋತ್ತಮ ಲವಲವಿಕೆಯ ಮನುಷ್ಯ, ಮಕ್ಕಳನ್ನು ಪ್ರೀತಿಸುವವನು ಎಂದು ಮುಖದಲ್ಲೇ ಬರೆದಿತ್ತು. ಅವಳನ್ನು ಮಕ್ಕಳ ಎದುರು ನಿಲ್ಲಿಸಿ, ಇಂಥ ಸಂಗತಿ ಲೋಕದಲ್ಲಿ ಎಲ್ಲಿಯಾದರೂ ನಡೆಯುತ್ತದಾ ಮಕ್ಕಳೇ, ಇಲ್ಲ, ಇದು ಲೇಖಕರ ಕಲ್ಪನೆ, ಕಲ್ಪನೆ ಬೆಳೆಸಿಕೊಳ್ಳಿ ಎಂದ. ದಮಯಂತಿ ಬಾಯಿ ತೆರೆಯುವಷ್ಟರಲ್ಲಿ ಅವನೇ ಚಪ್ಪಾಳೆ ಹೊಡೆಸಿ ಆಗಿತ್ತು. ಆಗ ರಂಗದ ಬದಿಯಿಂದ ಒಂದು ಹುಡುಗಿ ಬಂದಳು. ಹಳೆಯ ಗೋಣಿಬಟ್ಟೆಯ ಅಂಗಿ, ಕೊರಳಲ್ಲಿ ಡೋಲು. ಮುಖಕ್ಕೆ ಮಸಿ ಬಳಿದಿದ್ದರು. ಕಾದಂಬರಿಯ ಇರಾಳಿಗೆ ಮಸಿ ಇರಲಿಲ್ಲ, ಡೋಲಂತೂ ಇರಲೇ ಇಲ್ಲ. ಯಾಕೆ ಸರ್ ಈ ಡೋಲು ಎಂದು ದಮಯಂತಿ ಕೇಳಿದಳು. ಸರ್ವೋತ್ತಮ ಅವಳನ್ನು ಬದಿಗೆ ಕರೆದು, ಮಕ್ಕಳಿಗೆ ಕೇಳದ ಹಾಗೆ ದನಿ ತಗ್ಗಿಸಿದ.

‘ಹುಡುಗಿ ಯಾರ ಪೈಕಿ ಅಂತ ಗೊತ್ತಾಯ್ತಲ್ಲ ಮೇಡಂ? ಕಡಬದ ಕಡೆಯವಳು, ಇಲ್ಲಿ ಹಾಸ್ಟೆಲಿನಲ್ಲಿ ಇರುದು. ಈ ಪಾತ್ರ ಅವಳಿಗೆ ಕಲಿಸ್ಲಿಕ್ಕೇ ಬೇಡ. ರಕ್ತದಲ್ಲೇ ಉಂಟಲ್ಲ.’

ಅಂದರೆ ಇವನಿಗೆ ಗೊತ್ತಿತ್ತು. ಈಗಷ್ಟೇ ಲೋಕದಲ್ಲಿ ಎಲ್ಲಿಯೂ ಇಲ್ಲ ಎಂದು ಮಕ್ಕಳ ಕಿವಿಗೆ ಊದಿದ ಇದೇ ಬಾಯಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಹುಡುಕಿ ತೆಗೆದು ತಂದಿದ್ದಾನೆ. ದಮಯಂತಿಯ ಕಿವಿ ಬಿಸಿಯಾಯಿತು. ಇವನ ಕೆನ್ನೆಗೆ ಬಾರಿಸಬೇಕು ಎಂದು ಒಂದು ಕ್ಷಣ ನಿಜವಾಗಿಯೂ ಅನಿಸಿತು, ಕೈಯಲ್ಲಿ ಅವನೇ ಕೊಟ್ಟ ಗುಲಾಬಿ ಇದ್ದುದರಿಂದ ಅದನ್ನು ಹಿಸುಕಿದಳು. ವಾರ್ಷಿಕೋತ್ಸವದ ದಿನ ಊರಿಗೆ ಊರೇ ಬಂದು ಕುರ್ಚಿಗಳಲ್ಲಿ ತುಂಬುತ್ತದೆ, ಈ ಹುಡುಗಿ ಮಸಿ ಬಳಿದುಕೊಂಡು ಕೂದಲಿನ ಅನ್ನ ತಿನ್ನುತ್ತಾಳೆ, ಊರು ಮೊಬೈಲು ಎತ್ತಿ ಹಿಡಿದು ನೋಡುತ್ತದೆ, ಆಮೇಲೆ ಚಪ್ಪಾಳೆ. ಕಾಯ್ದೆ ಬಂದು ಯಾವುದನ್ನು ಅಂಗಳದಿಂದ ಎತ್ತಿಸಿತೋ ಅದನ್ನು ತನ್ನ ಪುಸ್ತಕ ವೇದಿಕೆ ಹತ್ತಿಸಿ ದೀಪ ಹಾಕಿ ಕೂರಿಸುತ್ತಿದೆ. ಡೋಲು ಇಳಿಸು ಮಗಾ ಎಂದು ಅವಳು ಹುಡುಗಿಯ ಹತ್ತಿರ ಹೋಗಿ ತಾನೇ ಪಟ್ಟಿ ಬಿಚ್ಚಿದಳು. ಹೆಸರು ಕೇಳಿದಳು. ನಿಶ್ಮಿತಾ ಎಂದಳು ಹುಡುಗಿ, ಎಂಟನೆಯ ಕ್ಲಾಸು. ಮನೆಯಲ್ಲಿ ಡೋಲು ಬಾರಿಸುತ್ತಾರಾ ಎಂದು ಕೇಳಿ, ಕೇಳಿದ ಕೂಡಲೇ ದಮಯಂತಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು.

‘ನಮ್ಮ ಮನೆಯಲ್ಲಿ ಡೋಲು ಇಲ್ಲ ಟೀಚರ್’ ಎಂದಳು ನಿಶ್ಮಿತಾ. ‘ಇದು ಸರ್ ತಂದದ್ದು. ನಾನು ಇಲ್ಲಿಯೇ ಕಲಿತದ್ದು.’

ಅಭ್ಯಾಸದಲ್ಲಿ ದಿನವೂ ಅನ್ನ ತಿನ್ನುತ್ತೀಯಾ ಎಂದು ಕೇಳಿದ್ದಕ್ಕೆ ಹೌದು ಎಂದು ತಲೆಯಾಡಿಸಿದಳು. ಹಾಸ್ಟೆಲಿನ ಅಡುಗೆಮನೆಯಿಂದ ಅನ್ನ ಬರುತ್ತದೆ, ಕೂದಲಿನ ಬದಲು ಕಪ್ಪು ಉಲ್ಲನ್ ನೂಲು ಸಣ್ಣಗೆ ಕತ್ತರಿಸಿ ಹಾಕುತ್ತಾರೆ. ನೂಲನ್ನು ನಾಲಗೆಯ ಅಡಿಗೆ ಸರಿಸಿಟ್ಟು ಆಮೇಲೆ ಉಗಿಯುವುದು ಅವಳಿಗೆ ಅಭ್ಯಾಸವಾಗಿದೆ. ಮೊದಲ ದಿನ ಮಾತ್ರ ಸ್ವಲ್ಪ ಹೊಟ್ಟೆಗೆ ಹೋಯಿತು. ಇಷ್ಟನ್ನೂ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ, ಲೆಕ್ಕದ ಪಾಠ ಒಪ್ಪಿಸುವ ಹಾಗೆ ಹೇಳಿದಳು, ಅದನ್ನೇ ದಮಯಂತಿಗೆ ತಡೆದುಕೊಳ್ಳಲಾಗಲಿಲ್ಲ. ನಿನಗೆ ಇಷ್ಟವಾದ ಪಾತ್ರ ಯಾವುದು, ಹೆದರದೆ ಹೇಳು ಎಂದಳು. ಇಲ್ಲ, ನನಗೆ ನಾಟಕವೇ ಬೇಡ ಎಂಬ ಉತ್ತರಕ್ಕೆ ಅವಳು ತಯಾರಾಗಿದ್ದಳು. ಆಗ ಅನುಮತಿಯನ್ನೇ ಹಿಂದೆ ತೆಗೆದುಕೊಂಡು ಬಸ್ಸು ಹತ್ತಬಹುದಿತ್ತು. ಹುಡುಗಿ ಪ್ಲಾಸ್ಟಿಕ್ ಪರದೆಯ ಆಚೆಗಿದ್ದ ಬೆಂಚು ನೋಡಿದಳು, ಅದರ ಮೇಲೆ ಬಿಳಿ ಹೊದಿಕೆ, ತಲೆದಿಂಬು.

‘ಜ್ವರ ಬಂದ ಮಗು’ ಎಂದಳು. ‘ಮಲಗಿದಲ್ಲೇ ಇರುದು. ಅಮ್ಮ ಬಂದು ತಲೆ ನೇವರಿಸುದು ಉಂಟು, ಒಂದು ಪದ್ಯ ಉಂಟು. ನನಗೆ ಅದರ ಮಾತೆಲ್ಲ ಬರ್ತದೆ ಟೀಚರ್.’

ಸರ್ವೋತ್ತಮ ನಕ್ಕ. ಅದು ನಿನಗೆ ಒಪ್ಪುವುದಿಲ್ಲ ಮಾರಾಯ್ತಿ ಎಂದ, ಅದೂ ಪ್ರೀತಿಯಿಂದಲೇ. ದಮಯಂತಿ ಆ ನಗು ಮುಗಿಯುವವರೆಗೂ ಕಾದಳು. ಆಮೇಲೆ, ಪುಸ್ತಕ ನನ್ನದು, ನಾಟಕ ಆಗಬೇಕಾದರೆ ನಿಶ್ಮಿತಾ ಬೆಂಚಿನ ಮೇಲೆ ಮಲಗಬೇಕು, ಉಣ್ಣುವವಳು ಬೇರೆ ಯಾರಾದರೂ ಆಗಲಿ, ಇಲ್ಲದಿದ್ದರೆ ಆಡುವುದೇ ಬೇಡ ಎಂದಳು. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವ ದನಿಯೇ ಬಂದಿತ್ತು. ಸರ್ವೋತ್ತಮ ತಲೆ ಕೆರೆದುಕೊಂಡ. ಆಹ್ವಾನಪತ್ರಿಕೆ ಹಂಚಿ ಆಗಿದೆ, ಸರಿ, ಅದಕ್ಕೇನು, ಅದಲುಬದಲು ಮಾಡುವ ಎಂದ. ಇಷ್ಟು ಸುಲಭವೇ ಎಂದು ದಮಯಂತಿಗೆ ಆಶ್ಚರ್ಯವಾಯಿತು. ಈವರೆಗೆ ಮಗುವಿನ ಪಾತ್ರ ಮಾಡುತ್ತಿದ್ದವಳು ಅನಘಾ ಎಂಬ ಚುರುಕು ಹುಡುಗಿ, ಅವಳ ತಾಯಿ ಹಲ್ಲಿನ ಡಾಕ್ಟರು, ರೇಷ್ಮೆ ಅಂಗಿ ತಲುಪಿಸಲು ಬಂದವರು ಅಲ್ಲೇ ಮೊದಲ ಸಾಲಿನಲ್ಲಿ ಕೂತಿದ್ದರು. ಅವರು ಎದ್ದು ಬಂದು ದಮಯಂತಿಯ ಕೈ ಹಿಡಿದುಕೊಂಡರು. ನಿಮ್ಮ ಪುಸ್ತಕ ಎಂದರೆ ಪ್ರಾಣ, ಸಂಬಂಧಿಕರಿಗೆಲ್ಲ ಹಂಚಿದ್ದೇನೆ, ಓದಿ ಅತ್ತಿದ್ದೇನೆ ಎಂದರು.

‘ಆದ್ರೆ ಇದೊಂದು ಬೇಡ ಮೇಡಂ’ ಎಂದರು. ‘ಮೊನ್ನೆಯಷ್ಟೇ ಅವಳಿಗೆ ಜಾಂಡೀಸ್ ಆಗಿ ಎದ್ದದ್ದು. ನಾಟಕವೇ, ಗೊತ್ತುಂಟು, ನಾನೂ ಇದನ್ನೆಲ್ಲ ನಂಬುದಿಲ್ಲ. ಸುಮ್ಮನೆ ಯಾಕೆ ಮೈಮೇಲೆ ಎಳ್ಕೊಳ್ಳುದು?’

ದಮಯಂತಿ ಅವರ ಮುಖ ನೋಡಿದಳು. ದಿನವಿಡೀ ಬಾಯಿಗಳನ್ನು ತೆರೆಸಿ ಬೆಳಕು ಬಿಟ್ಟು ನೋಡುವ ವಿದ್ಯಾವಂತೆ, ಕನ್ನಡಕದ ಹಿಂದೆ ಕಣ್ಣುಗಳಲ್ಲಿ ನಿಜವಾದ ಭಯ. ಉಲ್ಲನ್ ನೂಲಿನ ಭಯ. ಉಳಿದ ಹುಡುಗಿಯರ ಕಡೆ ತಿರುಗಿದಳು. ಒಬ್ಬಳು ಅಜ್ಜಿ ಬೈಯುತ್ತಾರೆ ಎಂದಳು, ಒಬ್ಬಳಿಗೆ ಪರೀಕ್ಷೆ ಹತ್ತಿರ, ಒಬ್ಬಳು ಕಿರೀಟದ ಹಾಳೆ ಸರಿಮಾಡಿಕೊಂಡಳು. ಕಾಯಿಲೆ ದಾಟುತ್ತದೆ ಎಂಬ ಕಥೆಯನ್ನು ಕಲ್ಪನೆ ಎಂದು ಚಪ್ಪಾಳೆ ಹೊಡೆದ ಅಷ್ಟೂ ಮಂದಿ ಅದನ್ನು ನಂಬಿದ್ದರು, ಒಳಗೊಳಗೇ, ಮೂಳೆಯೊಳಗೆ ನಂಬಿದ್ದರು. ಅದಕ್ಕೇ ಹಾಸ್ಟೆಲಿನ ಹುಡುಗಿ ಬೇಕಾಗಿತ್ತು. ಹಿಂದಿನಿಂದ ಶಾಫಿ ಎಂಬ ಹುಡುಗ, ಒಳಪೇಟೆಯ ಡಾಕ್ಟರನ ಪಾತ್ರದವನು, ಕೈ ಎತ್ತಿ ನಾನು ತಿನ್ನುತ್ತೇನೆ ಸರ್, ಸೀರೆ ಸುತ್ತಿದರಾಯಿತು ಎಂದ. ಸರ್ವೋತ್ತಮ ಗಾಬರಿಯಾಗಿ ಅವನಿಗೆ ಕೈ ಇಳಿಸುವಂತೆ ಸನ್ನೆ ಮಾಡಿದ. ನೀನಂತೂ ಬೇಡವೇ ಬೇಡ, ಆಮೇಲೆ ಅದು ಊರಲ್ಲಿ ಬೇರೆಯೇ ಸುದ್ದಿಯಾಗುತ್ತದೆ ಎಂದ. ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಶಾಫಿ ಅದನ್ನು ಡಾಕ್ಟರನ ಕೋಟಿನ ಕಿಸೆಗೆ ಹಾಕಿಕೊಂಡ. ಸರ್ವೋತ್ತಮ, ನೋಡಿದಿರಲ್ಲ ಮೇಡಂ ಎಂಬಂತೆ ದಮಯಂತಿಯನ್ನು ನೋಡಿದ. ನಿಶ್ಮಿತಾ ಬಗ್ಗಿ ನೆಲದ ಮೇಲಿದ್ದ ಡೋಲು ಎತ್ತಿಕೊಳ್ಳುತ್ತಿದ್ದಳು, ಯಾರೂ ಹೇಳಿರಲಿಲ್ಲ, ಇದು ಹೀಗೆಯೇ ಮುಗಿಯುವುದು ಎಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗೆ.

‘ಅದನ್ನು ಅಲ್ಲೇ ಬಿಡು’ ಎಂದಳು ದಮಯಂತಿ. ‘ಹೋಗಿ ಮುಖ ತೊಳೆದು ಬಾ. ಉಣ್ಣುವವಳು ನಾನು.’

ತಮಾಷೆ ಎಂದು ಕೆಲವರು ನಕ್ಕರು. ಅವಳು ಚಪ್ಪಲಿ ಬಿಟ್ಟು ರಂಗದ ಮೇಲೆ ಹೋಗಿ ಪ್ಲಾಸ್ಟಿಕ್ ಪರದೆಯ ಈಚೆ ಚಕ್ಕಳಮಕ್ಕಳ ಹಾಕಿ ಕೂತಳು. ಮಂಡಿ ಚಟ್ ಎಂದಿತು. ಒಬ್ಬಳು ಎಲೆ ತಂದು ದೂರದಿಂದ ನೂಕಿದಳು, ಹಾಗೆ ನೂಕಬೇಕೆಂದು ಕಾದಂಬರಿಯಲ್ಲೇ ಉಂಟು. ಆಚೆ ನಿಶ್ಮಿತಾ ಮುಖ ತೊಳೆದು ಬಂದು ಮಲಗಿದಳು, ಕಿವಿಯ ಹತ್ತಿರ ಸ್ವಲ್ಪ ಮಸಿ ಉಳಿದಿತ್ತು. ತಾಯಿಯ ಪಾತ್ರದ ಹುಡುಗಿ ಅವಳ ಹಣೆಯ ಮೇಲೆ ಕೈಯಿಟ್ಟು ಪದ್ಯ ಹೇಳತೊಡಗಿದಳು. ದಮಯಂತಿ ಅನ್ನ ಕಲಸಿದಳು. ಕಪ್ಪು ನೂಲಿನ ತುಂಡುಗಳು ಬೆರಳಿಗೆ ಅಂಟಿದವು. ನೂಲು, ಬರೀ ನೂಲು, ಇದನ್ನು ಹುಡುಗಿಯೊಬ್ಬಳು ದಿನವೂ ತಿಂದಿದ್ದಾಳೆ ಎಂದುಕೊಂಡು ತುತ್ತು ಎತ್ತಿದಳು. ಕೈ ಬಾಯಿಯ ಹತ್ತಿರ ಬಂದು ನಿಂತಿತು. ಮುಂದೆ ಹೋಗಲೊಲ್ಲದು. ಅವಳ ಬಿ.ಎ., ಎಂ.ಎ., ಅವಳ ಸಿಟ್ಟು, ವೇದಿಕೆಗಳ ಮೇಲೆ ಆಡಿದ ಮಾತು, ಯಾವುದೂ ಆ ಕೈಯನ್ನು ತಳ್ಳಲಿಲ್ಲ. ಹೊಟ್ಟೆಯ ಅಡಿಯಿಂದ ಅಜ್ಜಿಯ ದನಿ, ಮುಟ್ಟಬೇಡ ಎಂದು. ಥೂ, ನಿನಗೂ ಈ ಭಯ ಇದೆ ಎಂದು ಅವಳು ತನಗೇ ಹೇಳಿಕೊಂಡಳು. ಅನಘಾಳ ಅಮ್ಮ ನೋಡುತ್ತಿದ್ದರು. ಸರ್ವೋತ್ತಮ ನೋಡುತ್ತಿದ್ದ. ಪುಸ್ತಕದಲ್ಲಿ ‘ಇರಾ ಉಂಡಳು’ ಎಂದು ಬರೆಯಲು ಎಷ್ಟು ಹೊತ್ತು ಬೇಕಾಗಿತ್ತು, ಚಹಾ ಆರುವುದರೊಳಗೆ ಬರೆದಿದ್ದಳು. ಅವಳು ಕಣ್ಣುಮುಚ್ಚಿ ತುತ್ತನ್ನು ಒಳಗೆ ಹಾಕಿದಳು.

ನೂಲು ನಾಲಗೆಗೆ ಸಿಕ್ಕಿತು, ಕಣ್ಣಲ್ಲಿ ನೀರು ಬಂತು. ನುಂಗಿದಳು. ನುಂಗಿ ಇನ್ನೊಂದು ತುತ್ತು ಕಲಸುವಾಗ ಅಂಗಳದ ಕೊನೆಯ ಹೆಂಗಸು ಕಂಡಳು, ಮರದ ಸರಳಿನ ಕಿಟಕಿಯಿಂದ ಕಂಡ ಹಾಗಲ್ಲ, ಎಲೆಯ ಈ ಬದಿಯಿಂದ. ಕಾದಂಬರಿಯಲ್ಲಿ ಅವಳು ತಲೆಯೆತ್ತಿ ಮಗುವನ್ನು ನೋಡಿ ನಗುತ್ತಾಳೆ. ಆ ದಿನ ಅವಳು ತಲೆ ಎತ್ತಲಿಲ್ಲ. ಒಂದು ಸಲವೂ ಎತ್ತಲಿಲ್ಲ. ಬೇಗ ಬೇಗ ತಿಂದಳು, ಕೆಲಸ ಮುಗಿಸಿ ಹೋಗಬೇಕಾದವರು ತಿನ್ನುವ ಹಾಗೆ, ಎಲೆ ಮಡಚಿ ಎತ್ತಿಕೊಂಡು ತಿರುಗಿ ನೋಡದೆ ಗುಡ್ಡದ ದಾರಿ ಹಿಡಿದಳು. ಕಿಟಕಿಯಲ್ಲಿ ಒಂದು ಮಗು ಇದೆ ಎಂಬುದೇ ಅವಳಿಗೆ ಬೇಕಾಗಿರಲಿಲ್ಲ. ಯಾಕೆ ಬೇಕು? ಇದೆಲ್ಲ ದಮಯಂತಿಗೆ ಮೊದಲೇ ನೆನಪಿತ್ತು, ಬರೆಯುವಾಗಲೂ ಇತ್ತು. ನೆನಪಿದ್ದೂ ಆ ಮುಖವನ್ನು ಎತ್ತಿಸಿ, ಅದರ ಮೇಲೆ ಒಂದು ನಗು ಅಂಟಿಸಿ, ಎಷ್ಟೋ ಶಾಲೆಗಳ ಮಕ್ಕಳಿಗೆ ಓದಿಸಿ ಕಣ್ಣೀರು ತರಿಸಿದ್ದಳು.

ಪದ್ಯ ಮುಗಿಯಿತು. ಸರ್ವೋತ್ತಮ ಪುಸ್ತಕ ಹಿಡಿದು ರಂಗದ ಬದಿಯಿಂದ ಬಗ್ಗಿದ.

‘ಮೇಡಂ, ಈಗ ಮಗುವಿನ ಕಡೆ ತಿರುಗಿ ನಗ್ಬೇಕು’ ಎಂದು ಪಿಸುಗುಟ್ಟಿದ. ‘ನೀವೇ ಬರ್ದದ್ದು.’

ದಮಯಂತಿ ತಲೆ ಎತ್ತಲಿಲ್ಲ.

‘ಅದನ್ನು ಹೊಡೆದು ಹಾಕಿ ಸರ್’ ಎಂದಳು, ಬಾಯಲ್ಲಿ ಅನ್ನವಿತ್ತು. ‘ಈ ಪುಸ್ತಕದಲ್ಲಿ ಕಲ್ಪನೆ ಅಂತ ಇರುದು ಅದೊಂದೇ.’

ಮಿಕ್ಕ ಅನ್ನವನ್ನು ಅವಳು ಬೇಗ ಬೇಗ ತಿನ್ನತೊಡಗಿದಳು. ಕೆಳಗೆ ಕುರ್ಚಿ ಎಳೆದ ಸದ್ದಾಯಿತು. ಅನಘಾಳ ಅಮ್ಮ ಮಗಳ ಕೈ ಹಿಡಿದುಕೊಂಡು ಬಾಗಿಲ ಕಡೆ ನಡೆದರು, ಅವರ ಹಿಂದೆ ಇನ್ನೂ ಯಾರೋ ಎದ್ದರು. ಸರ್ವೋತ್ತಮ ಪೆನ್ನಿನ ಮುಚ್ಚಳ ತೆಗೆದು ಹಾಗೆಯೇ ನಿಂತಿದ್ದ. ದಮಯಂತಿ ಎಲೆಯ ಕೊನೆಯ ಅಗುಳನ್ನೂ ಬಳಿದು ಬಾಯಿಗೆ ಹಾಕಿ, ಎಲೆ ಮಡಚಿದಳು. ಆಗ ಪ್ಲಾಸ್ಟಿಕ್ ಪರದೆಯ ಆಚೆ, ಬಿಳಿ ಹೊದಿಕೆಯೊಳಗೆ ನಿಶ್ಮಿತಾ ಕಣ್ಣು ತೆರೆದಳು. ಯಾರೂ ಸನ್ನೆ ಮಾಡದಿದ್ದರೂ, ತನ್ನ ಮಾತಿನ ಸರದಿ ಬಂತೆಂದು ಅವಳಿಗೆ ತಿಳಿದಿತ್ತು. ದಿಂಬಿನಿಂದ ತಲೆ ಎತ್ತಿ, ಖಾಲಿಯಾಗುತ್ತಿದ್ದ ಸಭಾಂಗಣದ ಕೊನೆಯ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

‘ಅಮ್ಮಾ, ನನಗೆ ಹಸಿವಾಗ್ತಾ ಉಂಟು.’